ಹತ್ತನೆಯವರಿಗಾಗಿ ಕಾಯುವ ಮನೆ



ಕಬಡ್ಡಿಯಾಡಲು ಒಂದು ಪಕ್ಷಕ್ಕೆ ಏಳು ಮಂದಿ ಬೇಕು. ಕ್ರಿಕೆಟ್ಟಿಗೆ ಹನ್ನೊಂದು ಮಂದಿ. ನಿಮ್ಮ ಕಾಲೇಜಿನ ಸಂಘದ ಸಭೆ ನಡೆಯಬೇಕಾದರೂ ಇಂತಿಷ್ಟು ಸದಸ್ಯರು ಹಾಜರಿರಬೇಕೆಂಬ ನಿಯಮವುಂಟು. ಅದನ್ನು ಕೋರಂ ಎನ್ನುತ್ತೇವೆ. ಆದರೆ ದೇವರ ಪ್ರಾರ್ಥನೆಗೂ ಕೋರಂ ಇರುತ್ತದೆಯೆ? ಭಕ್ತನೊಬ್ಬ ಒಂಟಿಯಾಗಿ ಕೈಮುಗಿದರೆ ಸಾಲದೆ? ಇದು ನಿಮಗೆ ವಿಚಿತ್ರವಾದ ಪ್ರಶ್ನೆಯಾಗಿ ಕಾಣಬಹುದು. ಆದರೆ ಜಗತ್ತಿನ ಅತಿ ಪ್ರಾಚೀನ ಧರ್ಮಗಳಲ್ಲೊಂದಾದ ಯೆಹೂದಿ ಧರ್ಮದಲ್ಲಿ ಇಂಥ ಒಂದು ನಿಯಮವಿದೆ. ಸಾಮೂಹಿಕ ಪ್ರಾರ್ಥನೆಯ ಮುಖ್ಯ ಭಾಗಗಳನ್ನು ಹೇಳಬೇಕಾದರೆ ಹತ್ತು ಮಂದಿ ವಯಸ್ಕರು ಸೇರಿರಬೇಕು. ಒಂಬತ್ತು ಮಂದಿ ಮಹಾಪಂಡಿತರಿದ್ದರೂ ಸಾಲದು. ಹತ್ತು ಮಂದಿ ಸಾಮಾನ್ಯರಿದ್ದರೆ ಸಾಕು. ಈ ಹತ್ತು ಜನರ ಕೂಟಕ್ಕೆ ಹೀಬ್ರೂ ಭಾಷೆಯಲ್ಲಿ ಮಿನ್ಯಾನ್ ಎಂದು ಹೆಸರು. ಎಣಿಕೆ ಎಂಬುದು ಆ ಶಬ್ದದ ಅರ್ಥ.

ಇಂದಿನ ನನ್ನ ಮಾತು ಆ ಹತ್ತನೆಯ ವ್ಯಕ್ತಿಯನ್ನು ಕುರಿತದ್ದು. ನಮ್ಮ ದೇಶದ ಯೆಹೂದಿಗಳ ಪ್ರಾರ್ಥನಾಮಂದಿರ, ಅಂದರೆ ಸಿನಗಾಗಿನಲ್ಲಿ, ಜನ ಹೇಗೆ ಸೇರುತ್ತಾರೆ, ಯಾವ ಯಾವ ದಿನಗಳಲ್ಲಿ ಸೇರುತ್ತಾರೆ, ಸೇರುವವರ ಸಂಖ್ಯೆ ಕಡಿಮೆಯಾದಾಗ ಏನಾಗುತ್ತದೆ ಎಂಬುದನ್ನು ನಾವು ನೋಡೋಣ.

ಮೊದಲು ಸಿನಗಾಗ್ ಎಂದರೇನೆಂದು ತಿಳಿಯಬೇಕು. ಇದು ಗ್ರೀಕ್ ಮೂಲದ ಶಬ್ದ. ಒಟ್ಟುಗೂಡುವಿಕೆ ಎಂದು ಅರ್ಥ. ಹೀಬ್ರೂವಿನಲ್ಲಿ ಇದನ್ನು ಬೇತ್ ಕ್ನೆಸೆತ್ ಎನ್ನುತ್ತಾರೆ, ಅಂದರೆ ಸಭೆಯ ಮನೆ. ಗಮನಿಸಿ, ದೇವರ ಮನೆ ಎಂದಲ್ಲ, ಸಭೆ ಸೇರುವ ಮನೆ ಎಂದು. ಪ್ರಾಚೀನ ಕಾಲದಲ್ಲಿ ಯೆಹೂದಿಗಳಿಗೆ ಜೆರೂಸಲೇಮಿನಲ್ಲಿ ಒಂದು ಮಹಾದೇವಾಲಯವಿತ್ತು. ಕ್ರಿ.ಶ. 70ರಲ್ಲಿ ರೋಮನ್ ಸೈನ್ಯ ಅದನ್ನು ನಾಶಮಾಡಿತು. ಬಲಿ ನಿಂತಿತು, ಪುರೋಹಿತರ ಕಾರ್ಯ ನಿಂತಿತು. ಆಗ ಚದುರಿಹೋದ ಜನರಿಗೆ ಆಸರೆಯಾದದ್ದು ಊರೂರಿನ ಈ ಸಭಾಗೃಹಗಳು. ಅಲ್ಲಿ ವಿಗ್ರಹವಿಲ್ಲ. ಜೆರೂಸಲೇಮಿನ ದಿಕ್ಕಿಗೆ ಇರುವ ಗೋಡೆಯಲ್ಲಿ ಒಂದು ಪವಿತ್ರ ಕಪಾಟು ಇರುತ್ತದೆ. ನಮ್ಮ ದೇಶದಲ್ಲಿ ಅದು ಪಶ್ಚಿಮದ ಗೋಡೆ. ಹೇಖಾಲ್ ಎಂದು ಕರೆಯುವ ಆ ಕಪಾಟಿನೊಳಗೆ ತೋರಾ ಗ್ರಂಥದ ಸುರುಳಿಗಳು. ಅದರ ಮುಂದೆ ಒಂದು ದೀಪ. ಸಭಾಂಗಣದ ನಡುವೆ ಕಟಕಟೆಯಿರುವ ಎತ್ತರದ ವೇದಿಕೆ. ಅದರ ಮೇಲೆ ನಿಂತು ತೋರಾ ಪಠಿಸುತ್ತಾರೆ.

ತೋರಾ ಸುರುಳಿಯನ್ನು ಇಂದಿಗೂ ಅಚ್ಚು ಹಾಕುವುದಿಲ್ಲ. ಚರ್ಮದ ಹಾಳೆಗಳ ಮೇಲೆ ಲೇಖಕನು ಕೈಯಿಂದ ಬರೆಯಬೇಕು. ಅದರಲ್ಲಿ 3,04,805 ಅಕ್ಷರಗಳಿವೆ ಎಂದು ಪರಂಪರೆ ಎಣಿಸಿಟ್ಟಿದೆ. ಇವುಗಳಲ್ಲಿ ಒಂದೇ ಒಂದು ಅಕ್ಷರ ಅಳಿಸಿಹೋದರೂ, ಅದನ್ನು ತಿದ್ದುವವರೆಗೆ ಆ ಸುರುಳಿಯನ್ನು ಪಠಣಕ್ಕೆ ಬಳಸುವಂತಿಲ್ಲ. ಮೂರು ಲಕ್ಷದಲ್ಲಿ ಒಂದು ಹೋದರೇನು ಎಂದು ಇಲ್ಲಿ ಯಾರೂ ಹೇಳುವುದಿಲ್ಲ. ಹತ್ತು ಜನರ ನಿಯಮದಲ್ಲಿರುವ ಭಾವನೆಯೂ ಇದೇ. ಸಭೆಯಲ್ಲಿ ಪ್ರತಿಯೊಬ್ಬನೂ ಒಂದು ಅಕ್ಷರ.

ಈಗ ಮುಂಬಯಿಗೆ ಹೋಗೋಣ. ಭಾರತದ ಯೆಹೂದಿಗಳಲ್ಲಿ ಹೆಚ್ಚಿನವರು ಬೆನೆ ಇಸ್ರೇಲ್ ಎಂಬ ಪಂಗಡದವರು. ಅವರ ಮನೆಮಾತು ಮರಾಠಿ. ಅವರ ಪೂರ್ವಿಕರ ಹಡಗು ಕೊಂಕಣದ ಅಲಿಬಾಗ್ ಬಳಿಯ ನವಗಾಂವ್ ಕಡಲತೀರದಲ್ಲಿ ಒಡೆಯಿತೆಂದೂ, ಏಳು ಗಂಡಸರೂ ಏಳು ಹೆಂಗಸರೂ ಮಾತ್ರ ಬದುಕಿ ದಡ ಸೇರಿದರೆಂದೂ ಆ ಜನರಲ್ಲಿ ಪರಂಪರೆಯಿಂದ ಬಂದ ಕಥೆಯಿದೆ. ಇದು ಯಾವ ಶತಮಾನದಲ್ಲಿ ನಡೆಯಿತೆಂಬುದರಲ್ಲಿ ಇತಿಹಾಸಕಾರರಿಗೆ ಒಮ್ಮತವಿಲ್ಲ. ಕೊಂಕಣದ ಹಳ್ಳಿಗಳಲ್ಲಿ ಅವರು ಗಾಣದಿಂದ ಎಣ್ಣೆ ತೆಗೆಯುವ ಕಸುಬು ಹಿಡಿದರು. ಶನಿವಾರ ಮಾತ್ರ ಗಾಣ ಕಟ್ಟುತ್ತಿರಲಿಲ್ಲ. ಆದ್ದರಿಂದ ನೆರೆಹೊರೆಯವರು ಅವರನ್ನು ಶನಿವಾರ ತೇಲಿಗಳೆಂದು ಕರೆದರು. ಪೆಣ್ ಊರಿನವರು ಪೆಣ್‌ಕರ್, ದಿವೆಯವರು ದಿವೇಕರ್ ಎಂಬಂತೆ ಊರ ಹೆಸರುಗಳೇ ಅವರ ಮನೆತನದ ಹೆಸರುಗಳಾದವು. ಹೀಬ್ರೂ ಮರೆಯಿತು, ಗ್ರಂಥಗಳು ಕೈಬಿಟ್ಟುಹೋದವು. ಆದರೆ ಶನಿವಾರದ ವಿಶ್ರಾಂತಿ, ಗಂಡುಮಕ್ಕಳ ಸುನ್ನತಿ, ಆಹಾರದ ನಿಯಮಗಳು, ದೇವರೊಬ್ಬನೇ ಎಂದು ಸಾರುವ ಶೆಮಾ ಎಂಬ ಒಂದು ಮಂತ್ರ, ಇಷ್ಟು ಉಳಿದವು. ಮದುವೆಯಿರಲಿ, ಮರಣವಿರಲಿ, ಬಾಯಲ್ಲಿ ಅದೇ ಶೆಮಾ.

ಹಳ್ಳಿಹಳ್ಳಿಗಳಲ್ಲಿ ಚದುರಿದ್ದ ಈ ಜನ ಹದಿನೆಂಟನೆಯ ಶತಮಾನದಲ್ಲಿ ಮುಂಬಯಿಗೆ ಬರತೊಡಗಿದರು. ಅಲ್ಲಿ 1796ರಲ್ಲಿ ಅವರ ಮೊದಲ ಸಿನಗಾಗನ್ನು ಕಟ್ಟಿಸಿದವರು ಸ್ಯಾಮ್ಯುಯೆಲ್ ಎಝೆಕಿಯೆಲ್ ದಿವೇಕರ್ ಎಂಬ ಸೈನಿಕ ಅಧಿಕಾರಿ. ಸಾಮಾಜಿ ಹಸಾಜಿ ದಿವೇಕರ್ ಎಂಬುದು ಅವರ ಮರಾಠಿ ಹೆಸರು. ಇಲ್ಲಿ ನಮ್ಮ ನಾಡಿನ ಇತಿಹಾಸದ ಎಳೆಯೊಂದು ಸೇರಿಕೊಳ್ಳುತ್ತದೆ. ದಿವೇಕರ್ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದಲ್ಲಿದ್ದು, ಎರಡನೆಯ ಮೈಸೂರು ಯುದ್ಧದಲ್ಲಿ ಟಿಪ್ಪು ಸುಲ್ತಾನನ ಸೆರೆಯಾದರಂತೆ. ಇವರು ಯಾವ ಜಾತಿಯವರೆಂದು ವಿಚಾರಿಸಿದಾಗ ಬೆನೆ ಇಸ್ರೇಲರೆಂದು ತಿಳಿದ ಟಿಪ್ಪುವಿನ ತಾಯಿ, ಕುರಾನಿನಲ್ಲಿ ಹೆಸರಿರುವ ಈ ಜನರನ್ನು ಉಳಿಸಬೇಕೆಂದು ಕೇಳಿಕೊಂಡಳಂತೆ. ಬದುಕಿ ಮರಳಿದರೆ ಪ್ರಾರ್ಥನಾಮಂದಿರ ಕಟ್ಟಿಸುವೆನೆಂದು ಹರಕೆ ಹೊತ್ತಿದ್ದ ದಿವೇಕರ್ ಅದನ್ನು ತೀರಿಸಿದರಂತೆ. ಇದು ಆ ಸಮುದಾಯದವರು ತಲೆಮಾರುಗಳಿಂದ ಹೇಳಿಕೊಂಡು ಬಂದ ಕಥೆ. ಕಥೆಯ ವಿವರಗಳು ಹೇಗಾದರೂ ಇರಲಿ, ಸಿನಗಾಗ್ ಮಾತ್ರ ಇಂದಿಗೂ ಇದೆ. ಶಾರ್ ಹಾರಹಮೀಮ್ ಎಂದು ಅದರ ಹೆಸರು. ಕರುಣೆಯ ಬಾಗಿಲು ಎಂದು ಅರ್ಥ. ಬೆನೆ ಇಸ್ರೇಲರು ತಮ್ಮ ಸಿನಗಾಗನ್ನು ಆಡುಮಾತಿನಲ್ಲಿ ಮಸೀದಿಯೆಂದೇ ಕರೆಯುತ್ತಿದ್ದರು. ಪಕ್ಕದ ಮಸ್ಜಿದ್ ರೈಲು ನಿಲ್ದಾಣಕ್ಕೆ ಆ ಹೆಸರು ಬಂದದ್ದು ಇದರಿಂದಲೇ ಎಂದು ಅನೇಕರು ಹೇಳುತ್ತಾರೆ.

ಇನ್ನು ಆ ಮನೆಯೊಳಗಿನ ಜೀವನವನ್ನು ನೋಡೋಣ. ಯೆಹೂದಿಗಳ ದಿನ ಸೂರ್ಯೋದಯದಿಂದಲ್ಲ, ಸೂರ್ಯಾಸ್ತದಿಂದ ಆರಂಭವಾಗುತ್ತದೆ. ಶುಕ್ರವಾರ ಸಂಜೆ ಹೊತ್ತು ಮುಳುಗಿದಾಗ ಸಬ್ಬತ್ ದಿನ ಮೊದಲಾಗುತ್ತದೆ. ಶನಿವಾರ ರಾತ್ರಿ ನಕ್ಷತ್ರಗಳು ಕಾಣುವವರೆಗೆ ವಿಶ್ರಾಂತಿ. ಮನೆಯಲ್ಲಿ ಗೃಹಿಣಿ ದೀಪ ಹಚ್ಚುತ್ತಾಳೆ. ದ್ರಾಕ್ಷಾರಸದ ಬಟ್ಟಲನ್ನು ಹಿಡಿದು ಮಂತ್ರ ಹೇಳಬೇಕೆಂಬುದು ವಿಧಿ. ಕೊಂಕಣದಲ್ಲಿ ದ್ರಾಕ್ಷಾರಸ ಎಲ್ಲಿಂದ ಬರಬೇಕು? ಒಣದ್ರಾಕ್ಷಿಯನ್ನು ನೀರಿನಲ್ಲಿ ನೆನೆಸಿ ಹಿಂಡಿದ ಪಾನಕವನ್ನೇ ಬೆನೆ ಇಸ್ರೇಲರು ಬಳಸುತ್ತಾರೆ. ಶನಿವಾರ ಬೆಳಿಗ್ಗೆ ಸಿನಗಾಗಿನಲ್ಲಿ ತೋರಾದ ಆ ವಾರದ ಭಾಗವನ್ನು ಓದುತ್ತಾರೆ. ಹೀಗೆ ವಾರವಾರ ಓದುತ್ತ ಒಂದು ವರ್ಷದಲ್ಲಿ ಗ್ರಂಥ ಮುಗಿಯುತ್ತದೆ. ಮುಗಿದ ದಿನವೇ ಮತ್ತೆ ಮೊದಲ ಪುಟದಿಂದ ಆರಂಭ. ಆ ದಿನ ಸುರುಳಿಗಳನ್ನು ಎತ್ತಿಕೊಂಡು ಹಾಡುತ್ತ ಕುಣಿಯುತ್ತಾರೆ. ಅದು ಸಿಮ್ಹತ್ ತೋರಾ ಹಬ್ಬ.

ಹಬ್ಬಗಳ ವಿಷಯದಲ್ಲಿ ನಿಮಗೆ ಒಂದು ಸ್ವಾರಸ್ಯದ ಸಂಗತಿಯನ್ನು ಹೇಳಬೇಕು. ನಮ್ಮ ಪಂಚಾಂಗದಂತೆ ಯೆಹೂದಿಗಳ ಪಂಚಾಂಗವೂ ಚಾಂದ್ರಮಾನದ್ದು. ಸೂರ್ಯನ ಗತಿಗೆ ಹೊಂದಿಸಲು ನಾವು ಅಧಿಕ ಮಾಸ ಸೇರಿಸುವಂತೆ ಅವರೂ 19 ವರ್ಷಗಳಲ್ಲಿ ಏಳು ಸಲ ಒಂದು ತಿಂಗಳನ್ನು ಸೇರಿಸುತ್ತಾರೆ. ಅವರ ಹೊಸವರ್ಷ ರೋಶ್ ಹಶಾನಾ ಅಮಾವಾಸ್ಯೆಯ ನಂತರ ಬರುತ್ತದೆ. 2025ರಲ್ಲಿ ಸೆಪ್ಟೆಂಬರ್ 22ರಂದು ನಮ್ಮ ಮನೆಗಳಲ್ಲಿ ನವರಾತ್ರಿ ಆರಂಭವಾದಾಗ, ಅದೇ ಸಂಜೆ ಸಿನಗಾಗುಗಳಲ್ಲಿ ಹೊಸವರ್ಷದ ಪ್ರಾರ್ಥನೆ ಮೊದಲಾಯಿತು. ವಸಂತದ ಪ್ಯೂರಿಮ್ ಹಬ್ಬ ಹುಣ್ಣಿಮೆಯ ಹೊತ್ತಿಗೆ ಬರುತ್ತದೆ. ಅದೇ ವರ್ಷ ಮಾರ್ಚ್ 14ರಂದು ಪ್ಯೂರಿಮ್ ಮತ್ತು ಹೋಳಿ ಒಂದೇ ದಿನ ಬಿದ್ದವು. ಕೊಂಕಣದ ಬೆನೆ ಇಸ್ರೇಲರು ಹಿಂದೆ ಪ್ಯೂರಿಮನ್ನು ಹೋಳೀಚಾ ಸಣ್, ಅಂದರೆ ಹೋಳಿಯ ಹಬ್ಬ ಎಂದೇ ಕರೆಯುತ್ತಿದ್ದುದರಲ್ಲಿ ಆಶ್ಚರ್ಯವೇನಿದೆ? ಎರಡು ಪಂಚಾಂಗಗಳ ಅಧಿಕ ಮಾಸಗಳು ಒಟ್ಟಿಗೆ ಬರದ ವರ್ಷಗಳಲ್ಲಿ ಮಾತ್ರ ಈ ಹೊಂದಾಣಿಕೆ ಒಂದು ತಿಂಗಳು ತಪ್ಪುತ್ತದೆ. 2026ರಲ್ಲಿ ರೋಶ್ ಹಶಾನಾ ಸೆಪ್ಟೆಂಬರ್ 11ರ ಸಂಜೆ, ಅಂದರೆ ಗಣೇಶ ಚತುರ್ಥಿಗೆ ಮೂರು ದಿನ ಮೊದಲು ಬರುತ್ತದೆ. ನಿಮ್ಮ ಮನೆಯ ಗೋಡೆಯ ಪಂಚಾಂಗವನ್ನು ತೆಗೆದು ನೀವೇ ಹೋಲಿಸಿ ನೋಡಬಹುದು.

ಹೊಸವರ್ಷದ ಹತ್ತನೆಯ ದಿನ ಯೋಮ್ ಕಿಪ್ಪೂರ್, ಪ್ರಾಯಶ್ಚಿತ್ತದ ದಿನ. ಸುಮಾರು 25 ಗಂಟೆ ಅನ್ನನೀರಿಲ್ಲದ ಉಪವಾಸ. ಬೆನೆ ಇಸ್ರೇಲರು ಬಿಳಿಯ ಉಡುಪು ಧರಿಸಿ ದಿನವಿಡೀ ಪ್ರಾರ್ಥನೆಯಲ್ಲಿರುತ್ತಾರೆ. ಸಿನಗಾಗುಗಳಿಲ್ಲದ ಕಾಲದಲ್ಲಿ ಅವರು ಆ ದಿನ ಮನೆಯ ಬಾಗಿಲು ಹಾಕಿಕೊಂಡು ಒಳಗೇ ಉಳಿಯುತ್ತಿದ್ದರು. ಆದ್ದರಿಂದ ಮರಾಠಿಯಲ್ಲಿ ಆ ಹಬ್ಬಕ್ಕೆ ಬಾಗಿಲು ಮುಚ್ಚುವ ಹಬ್ಬ ಎಂಬ ಅರ್ಥದ ಹೆಸರೇ ಬಂತು. ಯೋಚಿಸಿ ನೋಡಿ: ಒಂದು ಕಾಲದಲ್ಲಿ ಬಾಗಿಲು ಮುಚ್ಚಿ ಒಂಟಿಯಾಗಿ ಕುಳಿತು ಆಚರಿಸುತ್ತಿದ್ದ ದಿನವೇ, ಸಿನಗಾಗ್ ಬಂದ ಮೇಲೆ, ವರ್ಷದಲ್ಲಿ ಅತಿ ಹೆಚ್ಚು ಜನ ಸೇರುವ ದಿನವಾಯಿತು.

ಇನ್ನೊಂದು ಕೂಟ ಬೆನೆ ಇಸ್ರೇಲರಿಗೇ ವಿಶಿಷ್ಟವಾದದ್ದು. ಅದು ಮಲಿದಾ. ಅವಲಕ್ಕಿ, ತೆಂಗಿನ ತುರಿ, ಸಕ್ಕರೆ, ಏಲಕ್ಕಿ, ಮೇಲೆ ಹಣ್ಣುಗಳು, ಇವನ್ನು ದೊಡ್ಡ ತಟ್ಟೆಯಲ್ಲಿ ಇಟ್ಟು ಪ್ರವಾದಿ ಎಲಿಯಾಹುವಿನ ಸ್ಮರಣೆ ಮಾಡುತ್ತಾರೆ. ಮದುವೆ, ಗೃಹಪ್ರವೇಶ, ಕಾಯಿಲೆಯಿಂದ ಗುಣವಾದದ್ದು, ಪರೀಕ್ಷೆಯಲ್ಲಿ ಪಾಸಾದದ್ದು, ಯಾವುದಕ್ಕೂ ಮಲಿದಾ ಹರಕೆ ಹೊರಬಹುದು. ಪ್ರಾರ್ಥನೆ ಹೀಬ್ರೂವಿನಲ್ಲಿ, ಪ್ರಸಾದ ನಮ್ಮ ಅಡುಗೆಮನೆಯದು. ನಮ್ಮ ಕರಾವಳಿಯ ಯಾವ ಅಜ್ಜಿಯೂ ಆ ತಟ್ಟೆಯನ್ನು ಕಂಡರೆ ಗುರುತು ಹಿಡಿದಾಳು.

ಮಿತ್ರರೇ, ಹಬ್ಬಗಳ ದಿನ ಜನಕ್ಕೆ ಕೊರತೆಯಿಲ್ಲ. ಕೊರತೆ ಕಾಣುವುದು ಸಾಮಾನ್ಯ ದಿನಗಳಲ್ಲಿ. ಅಂಥ ಒಂದು ಸಂಜೆಯನ್ನು ಕಣ್ಣಮುಂದೆ ತಂದುಕೊಳ್ಳಿ. ಮುಂಬಯಿಯ ಹಳೆಯ ಪೇಟೆ. ಹೊರಗೆ ಕೈಗಾಡಿಗಳ ಗದ್ದಲ. ಒಳಗೆ ಮರದ ಬೆಂಚುಗಳು, ಮೇಲಿಂದ ಇಳಿಬಿಟ್ಟ ಗಾಜಿನ ದೀಪಗಳು. ಒಂಬತ್ತು ಮಂದಿ ಬಂದಿದ್ದಾರೆ. ಅವರಲ್ಲೊಬ್ಬನ ತಂದೆ ತೀರಿಕೊಂಡು ಕೆಲವೇ ದಿನಗಳಾಗಿವೆ. ಅವನು ಕದ್ದೀಶ್ ಎಂಬ ಪ್ರಾರ್ಥನೆಯನ್ನು ಹೇಳಬೇಕು. ಆ ಪ್ರಾರ್ಥನೆಯಲ್ಲಿ ಸಾವಿನ ಹೆಸರೂ ಇಲ್ಲ, ದುಃಖದ ಮಾತೂ ಇಲ್ಲ. ದೇವರ ಮಹಿಮೆಯ ಸ್ತುತಿ ಮಾತ್ರ ಇದೆ. ತಂದೆತಾಯಿ ಹೋದ ಮೇಲೆ ಹನ್ನೊಂದು ತಿಂಗಳ ಕಾಲ ಮಗ ಅದನ್ನು ಹೇಳುವುದು ಪದ್ಧತಿ. ಆದರೆ ಒಂಟಿಯಾಗಿ ಹೇಳುವಂತಿಲ್ಲ. ಅವನು ಹೇಳುವಾಗ ಕೇಳಿ ಆಮೆನ್ ಎಂದು ದನಿಗೂಡಿಸಲು ಸಭೆ ಬೇಕು. ಹತ್ತು ಮಂದಿ ಬೇಕು.

ಗಡಿಯಾರ ನೋಡುತ್ತಾರೆ. ಒಬ್ಬರು ಬಾಗಿಲ ಬಳಿ ಹೋಗಿ ಬೀದಿಯ ಎರಡೂ ಕಡೆ ಕಣ್ಣು ಹಾಯಿಸುತ್ತಾರೆ. ಇನ್ನೊಬ್ಬರು ಯಾರಿಗೋ ಫೋನು ಮಾಡುತ್ತಾರೆ. ಆಗ ಶಾಲೆಯ ಚೀಲವನ್ನು ಹೆಗಲಿಗೆ ಹಾಕಿಕೊಂಡ ಒಬ್ಬ ಹುಡುಗ ಬರುತ್ತಾನೆ. ಅವನಿಗೆ ಹೋದ ತಿಂಗಳಷ್ಟೇ ಹದಿಮೂರು ತುಂಬಿದೆ. ಹದಿಮೂರು ತುಂಬಿದ ಹುಡುಗ ಧರ್ಮದ ಕಟ್ಟಳೆಗಳಿಗೆ ತಾನೇ ಹೊಣೆಗಾರ. ಬಾರ್ ಮಿತ್ಸ್ವಾ ಎಂದು ಕರೆಯುವ ಆ ಸಂಸ್ಕಾರದಲ್ಲಿ ಅವನು ಸಭೆಯ ಮುಂದೆ ತೋರಾ ಓದುತ್ತಾನೆ. ಅಂದಿನಿಂದ ಅವನು ಎಣಿಕೆಗೆ ಬರುತ್ತಾನೆ. ಎಂಟನೆಯ ತರಗತಿಯ ಈ ಹುಡುಗ ಕಾಲಿಟ್ಟ ಕೂಡಲೇ ಒಂಬತ್ತು ಹತ್ತಾಯಿತು. ಪ್ರಾರ್ಥನೆ ಮೊದಲಾಯಿತು. ಅವನಿಗೆ ಇನ್ನೂ ಸರಿಯಾಗಿ ಓದಲು ಬಾರದಿದ್ದರೂ ಚಿಂತೆಯಿಲ್ಲ. ಅವನು ಬಂದಿದ್ದಾನೆ, ಅಷ್ಟು ಸಾಕು.

ಇದು ನಾನು ಕಲ್ಪಿಸಿದ ಸಂಜೆ. ಆದರೆ ಹತ್ತು ಮಂದಿಗಾಗಿ ಕಾಯುವುದು ಕಲ್ಪನೆಯಲ್ಲ. ಸ್ವಾತಂತ್ರ್ಯದ ಕಾಲದಲ್ಲಿ ನಮ್ಮ ದೇಶದಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಯೆಹೂದಿಗಳಿದ್ದರು. ಇಂದು ಕೆಲವು ಸಾವಿರ ಮಾತ್ರ. 1948ರಲ್ಲಿ ಇಸ್ರೇಲ್ ರಾಷ್ಟ್ರ ಸ್ಥಾಪನೆಯಾದ ಮೇಲೆ ಹೆಚ್ಚಿನವರು ಅಲ್ಲಿಗೆ ಹೋದರು. ಕೆಲವರು ಇಂಗ್ಲೆಂಡ್, ಅಮೆರಿಕಗಳಿಗೆ ಹೋದರು. ಜಗತ್ತಿನ ಅನೇಕ ದೇಶಗಳಲ್ಲಿ ಯೆಹೂದಿಗಳನ್ನು ಓಡಿಸಿದ ಇತಿಹಾಸವಿದೆ. ಇಲ್ಲಿ ನೆರೆಯವರು ಅವರನ್ನು ಓಡಿಸಲಿಲ್ಲ. ಧರ್ಮದ ಸೆಳೆತ, ಉದ್ಯೋಗ, ಬಂಧುಗಳ ಕರೆ, ಇವು ಅವರನ್ನು ಕರೆದೊಯ್ದವು. ಮುಂಬಯಿಯಲ್ಲಿ ಉಳಿದವರೂ ಠಾಣೆ ಮತ್ತು ಉಪನಗರಗಳಿಗೆ ಮನೆ ಬದಲಿಸಿದರು. ಆದ್ದರಿಂದ 1879ರಲ್ಲಿ ಕಟ್ಟಿದ ಠಾಣೆಯ ಸಿನಗಾಗ್ ಇಂದು ಜನರಿಂದ ತುಂಬಿರುತ್ತದೆ. ಹಳೆಯ ಪೇಟೆಯ ಸಿನಗಾಗುಗಳಲ್ಲಿ ಹತ್ತು ಮಂದಿ ಸೇರುವುದೇ ಪ್ರಯಾಸ.

ಹತ್ತು ಮಂದಿ ಸೇರುವುದು ಪೂರ್ತಿ ನಿಂತರೆ ಏನಾಗುತ್ತದೆಂಬುದನ್ನು ತಿಳಿಯಲು ಕೊಚ್ಚಿಗೆ ಹೋಗಬೇಕು. ಕೊಚ್ಚಿಯ ಯೆಹೂದಿಗಳು ಬೆನೆ ಇಸ್ರೇಲರಿಗಿಂತ ಬೇರೆ. ಅವರ ಮಾತು ಮಲಯಾಳ. ಸುಮಾರು ಸಾವಿರ ವರ್ಷಗಳ ಹಿಂದೆ ಚೇರ ಅರಸ ಭಾಸ್ಕರ ರವಿವರ್ಮ ಜೋಸೆಫ್ ರಬ್ಬಾನ್ ಎಂಬ ಯೆಹೂದಿ ಮುಖಂಡನಿಗೆ ತಾಮ್ರಶಾಸನದ ಮೂಲಕ ಗೌರವಗಳನ್ನು ದಯಪಾಲಿಸಿದ್ದ. ಮಟ್ಟಾಂಚೇರಿಯ ಪರದೇಶಿ ಸಿನಗಾಗ್ 1568ರಲ್ಲಿ ಅರಮನೆಯ ಪಕ್ಕದಲ್ಲೇ ತಲೆಯೆತ್ತಿತು. ಚೀನಾದಿಂದ ತರಿಸಿದ ನೀಲಿ ಬಿಳಿ ಚಿತ್ರದ ಹೆಂಚುಗಳ ನೆಲ, ಗಡಿಯಾರದ ಗೋಪುರ, ಇವನ್ನು ನೀವು ಚಿತ್ರಗಳಲ್ಲಿ ಕಂಡಿರಬಹುದು. 1968ರಲ್ಲಿ ಅದರ ನಾಲ್ಕನೂರನೆಯ ವರ್ಷದ ಉತ್ಸವಕ್ಕೆ ಪ್ರಧಾನಿ ಇಂದಿರಾ ಗಾಂಧಿಯವರು ಬಂದರು. ಅಂಚೆ ಇಲಾಖೆ ಚೀಟಿ ಹೊರಡಿಸಿತು. ಅಲ್ಲಿನ ಹೆಂಗಸರು ಮಲಯಾಳ ಭಾಷೆಯ ಯೆಹೂದಿ ಹಾಡುಗಳನ್ನು ಕೈಬರಹದ ಪುಸ್ತಕಗಳಲ್ಲಿ ಬರೆದಿಟ್ಟುಕೊಂಡು, ಮದುವೆ ಹಬ್ಬಗಳಲ್ಲಿ ಗಂಡಸರ ಎದುರಿಗೇ ಗಟ್ಟಿಯಾಗಿ ಹಾಡುತ್ತಿದ್ದರು.

1950ರ ದಶಕದಲ್ಲಿ ಕೊಚ್ಚಿಯ ಯೆಹೂದಿಗಳಲ್ಲಿ ಬಹುಪಾಲು ಜನ ಇಸ್ರೇಲಿಗೆ ವಲಸೆ ಹೋದರು. ಸಿನಗಾಗುಗಳು ಒಂದೊಂದಾಗಿ ಮೌನವಾದವು. ಚೇಂದಮಂಗಲಂ ಮತ್ತು ಪರವೂರಿನ ಸಿನಗಾಗುಗಳು ಇಂದು ಸುಂದರವಾಗಿ ದುರಸ್ತಿಯಾಗಿ ವಸ್ತುಸಂಗ್ರಹಾಲಯಗಳಾಗಿವೆ. ಮಟ್ಟಾಂಚೇರಿಯ ಇನ್ನೊಂದು ಸಿನಗಾಗಿನ ಒಳಾಂಗಣದ ಮರಗೆಲಸ ಜೆರೂಸಲೇಮಿನ ವಸ್ತುಸಂಗ್ರಹಾಲಯಕ್ಕೆ ಹೋಗಿ ಸೇರಿತು. ಎರ್ನಾಕುಲಂನ ಒಂದು ಸಿನಗಾಗಿನ ಮುಂಭಾಗದಲ್ಲಿ ಬಹುಕಾಲ ಗಿಡಗಳ ಮತ್ತು ಅಲಂಕಾರದ ಮೀನುಗಳ ಅಂಗಡಿ ನಡೆಯುತ್ತಿತ್ತು. ಆ ಅಂಗಡಿ ನಡೆಸುತ್ತಲೇ ಅದರ ಯೆಹೂದಿ ಮಾಲೀಕರು ಒಳಗಿನ ಮಂದಿರವನ್ನು ಕಾಪಾಡಿಕೊಂಡು ಬಂದರು. ಪರದೇಶಿ ಸಿನಗಾಗಿನಲ್ಲಿ ದಿನವೂ ನೂರಾರು ಪ್ರವಾಸಿಗಳು ತುಂಬುತ್ತಾರೆ. ಆದರೆ ಆ ಪಂಗಡದ ಕೊನೆಯ ಮಹಿಳೆ 2024ರಲ್ಲಿ ತೀರಿಕೊಂಡರು. ಹೊರಗಿನಿಂದ ಬಂದ ಯೆಹೂದಿ ಪ್ರವಾಸಿಗಳು ಸೇರಿ ಹತ್ತಾದ ದಿನ ಅಲ್ಲಿ ಪೂರ್ಣ ಪ್ರಾರ್ಥನೆ. ಇಲ್ಲದ ದಿನ ಇಲ್ಲ. ಇತ್ತ ಇಸ್ರೇಲಿನ ನೆಗೆವ್ ಮರುಭೂಮಿಯಲ್ಲಿರುವ ನೆವಾತಿಮ್ ಎಂಬ ಹಳ್ಳಿಯಲ್ಲಿ ಕೊಚ್ಚಿಯವರು ತಮ್ಮೂರಿನ ಮಾದರಿಯದೇ ಸಿನಗಾಗ್ ಕಟ್ಟಿಕೊಂಡಿದ್ದಾರೆ. ಕಟ್ಟಡ ಕೊಚ್ಚಿಯಲ್ಲಿ ಉಳಿಯಿತು. ಪ್ರಾರ್ಥನೆ ಜನರ ಜೊತೆ ಹೋಯಿತು.

ಇಲ್ಲಿ ಇನ್ನೊಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಹತ್ತು ಜನ ಬೇಕೆಂಬ ನಿಯಮ ಪ್ರತಿಯೊಬ್ಬನಿಗೂ ಬೆಲೆ ಕೊಡುತ್ತದೆ ಎಂದೆನಷ್ಟೆ. ಆದರೆ ಯಾರನ್ನು ಎಣಿಸಬೇಕು, ಯಾರನ್ನು ಬಿಡಬೇಕು ಎಂಬ ಪ್ರಶ್ನೆ ಕೂಡಲೇ ಏಳುತ್ತದೆ. ಪರದೇಶಿ ಸಿನಗಾಗಿನಲ್ಲಿ, ಹಿಂದೆ ದಾಸ್ಯದಿಂದ ಬಿಡುಗಡೆಯಾದವರ ಸಂತತಿಯೆಂದು ಹೇಳಲಾದ ಕೆಲವು ಕುಟುಂಬಗಳಿದ್ದವು. ಅವರೂ ಅದೇ ತೋರಾವನ್ನು ನಂಬಿದವರು. ಆದರೂ ಅವರಿಗೆ ಒಳಗಿನ ಬೆಂಚುಗಳಲ್ಲಿ ಕೂರುವ ಹಕ್ಕಿರಲಿಲ್ಲ. ತೋರಾ ಪಠಣಕ್ಕೆ ಅವರನ್ನು ಕರೆಯುತ್ತಿರಲಿಲ್ಲ. ನಮ್ಮ ಸಮಾಜದ ಜಾತಿಭೇದದ ನೆರಳು ಅಲ್ಲಿಯೂ ಬಿದ್ದಿತ್ತು. ಆ ಕುಟುಂಬಗಳಲ್ಲಿ 1882ರಲ್ಲಿ ಹುಟ್ಟಿದ ಎ. ಬಿ. ಸೇಲಂ ವಕೀಲರಾದರು, ಸ್ವಾತಂತ್ರ್ಯ ಹೋರಾಟಕ್ಕೆ ಸೇರಿದರು. ಗಾಂಧೀಜಿಯವರಿಂದ ಕಲಿತ ಸತ್ಯಾಗ್ರಹವನ್ನು ಅವರು ತಮ್ಮ ಸಿನಗಾಗಿನೊಳಗೇ ನಡೆಸಿದರು. ದ್ವೇಷದ ಮಾತಿಲ್ಲದೆ, ಸಿನಗಾಗನ್ನು ಬಿಟ್ಟೂ ಹೋಗದೆ, ಅಲ್ಲೇ ಕುಳಿತು ತಮ್ಮ ಹಕ್ಕನ್ನು ಕೇಳಿದರು. ನಿಷೇಧಗಳು ಒಂದೊಂದಾಗಿ ಸಡಿಲಿದವು. ಆದರೆ ಆಗಲೇ ಕಾಲ ಮೀರಿತ್ತು. ಕೆಲವೇ ವರ್ಷಗಳಲ್ಲಿ ಎಲ್ಲರೂ ಹೊರಟುಹೋಗುವವರಿದ್ದರು. ಒಂದು ಕಾಲದಲ್ಲಿ ಬಾಗಿಲ ಬಳಿ ಕೂರಿಸಿದವರನ್ನು ಒಳಗೆ ಬನ್ನಿರೆಂದು ಕರೆಯಬೇಕಾದ ದಿನ ಎಷ್ಟು ಬೇಗ ಬಂದುಬಿಡುತ್ತದೆ ನೋಡಿ.

ಹೆಂಗಸರ ವಿಷಯವೂ ಹೀಗೆಯೇ. ಸಂಪ್ರದಾಯಬದ್ಧ ಸಿನಗಾಗುಗಳಲ್ಲಿ ಹತ್ತರ ಎಣಿಕೆಗೆ ಗಂಡಸರು ಮಾತ್ರ. ಹೆಂಗಸರು ಪ್ರತ್ಯೇಕವಾಗಿ, ಅನೇಕ ಕಡೆ ಮೇಲಿನ ಅಟ್ಟಣೆಯಲ್ಲಿ ಕೂರುತ್ತಾರೆ. ಉದಾರ ಪಂಥದ ಸಿನಗಾಗುಗಳು ಹೆಂಗಸರನ್ನೂ ಎಣಿಸುತ್ತವೆ. ಮುಂಬಯಿಯಲ್ಲಿ ಈ ಉದಾರ ಪಂಥದ ಸಂಘ 1925ರಲ್ಲಿ ಆರಂಭವಾಯಿತು. ಅದಕ್ಕೆ ಮುಂದಾದವರಲ್ಲಿ ಪ್ರಮುಖರು ಡಾ. ಜೆರೂಷಾ ಝಿರಾದ್. ಈ ವೈದ್ಯೆ ಹುಟ್ಟಿದ್ದು ನಮ್ಮ ಶಿವಮೊಗ್ಗದಲ್ಲಿ. ಮುಂದೆ ಮುಂಬಯಿಯ ಕಾಮಾ ಆಸ್ಪತ್ರೆಯ ಮುಖ್ಯಸ್ಥರಾಗಿ ಸಾವಿರಾರು ತಾಯಂದಿರ ಹೆರಿಗೆಗೆ ನೆರವಾದರು. 1966ರಲ್ಲಿ ಪದ್ಮಶ್ರೀ ಪಡೆದರು. ನಿಮ್ಮ ಇಂಗ್ಲಿಷ್ ಪಠ್ಯದಲ್ಲಿ ಚೇಳು ಕಚ್ಚಿದ ತಾಯಿಯ ಕವಿತೆಯನ್ನು ನೀವು ಓದಿರಬಹುದು. ಅದನ್ನು ಬರೆದ ನಿಸ್ಸಿಮ್ ಎಝೆಕಿಯೆಲ್ ಕೂಡ ಬೆನೆ ಇಸ್ರೇಲ್ ಮನೆತನದವರೇ. ಚಿಕ್ಕ ಸಮುದಾಯಗಳು ನಾಡಿಗೆ ಕೊಡುವ ಕಾಣಿಕೆ ಅವುಗಳ ತಲೆಯೆಣಿಕೆಗೆ ತಕ್ಕಷ್ಟೇ ಇರಬೇಕೆಂದಿಲ್ಲ.

ಬೆಂಗಳೂರಿನಲ್ಲಿಯೂ ಕೆಲವು ಯೆಹೂದಿ ಕುಟುಂಬಗಳು ನೆಲೆಸಿದ್ದವು. ಮೈಸೂರು ರಸ್ತೆಯಲ್ಲಿ ಅವರದೊಂದು ಪುಟ್ಟ ಸ್ಮಶಾನವಿದೆ. ಕಲ್ಲುಗಳ ಮೇಲೆ ಹೀಬ್ರೂ ಅಕ್ಷರಗಳು. ಆ ದಾರಿಯಲ್ಲಿ ದಿನವೂ ಬಸ್ಸಿನಲ್ಲಿ ಹೋಗುವ ನಮಗೆ ಅಲ್ಲೊಂದು ಜನ ಬಾಳಿ ಹೋಗಿದ್ದಾರೆಂಬ ಅರಿವೂ ಇರುವುದಿಲ್ಲ.

ಇನ್ನು ನೆರೆಹೊರೆಯ ಮಾತು. ಕೊಲ್ಕತ್ತದಲ್ಲಿ ಯೆಹೂದಿಗಳು ಬೆರಳೆಣಿಕೆಯಷ್ಟು ಉಳಿದಿದ್ದಾರೆ. ಅಲ್ಲಿನ ಭವ್ಯ ಸಿನಗಾಗುಗಳನ್ನು ಗುಡಿಸಿ, ಒರೆಸಿ, ದೀಪ ಹಚ್ಚಿ ತಲೆಮಾರುಗಳಿಂದ ನೋಡಿಕೊಂಡು ಬಂದವರು ಮುಸ್ಲಿಂ ಕುಟುಂಬಗಳು. ಅಲ್ಲಿನ ಯೆಹೂದಿ ಬಾಲಿಕಾ ಶಾಲೆಯಲ್ಲಿ ಓದುವವರೂ ಹೆಚ್ಚಾಗಿ ಮುಸ್ಲಿಂ ಹುಡುಗಿಯರು. ಲೋಕದ ಬೇರೆಡೆಯ ಜಗಳಗಳ ಸುದ್ದಿ ಕೇಳುವಾಗ ಈ ಸಂಗತಿಯನ್ನೂ ನೆನಪಿಡಿ. ಆದರೆ ಇದಕ್ಕೆ ವಿರುದ್ಧವಾದದ್ದೂ ನಡೆದಿದೆ. 2008ರ ನವೆಂಬರಿನಲ್ಲಿ ಮುಂಬಯಿಯ ಮೇಲೆ ದಾಳಿಯಾದಾಗ ಯೆಹೂದಿ ಕೇಂದ್ರವೊಂದರಲ್ಲಿ ಹಲವರು ಹತರಾದರು. ಅಂದಿನಿಂದ ಸಿನಗಾಗುಗಳ ಬಾಗಿಲಲ್ಲಿ ಕಾವಲಿದೆ. ನೋಡಲು ಹೋಗುವವರು ಗುರುತಿನ ಚೀಟಿ ತೋರಿಸಬೇಕಾಗುತ್ತದೆ. ನೀವು ಮುಂಬಯಿಗೋ ಕೊಚ್ಚಿಗೋ ಪ್ರವಾಸ ಹೋದಾಗ ಅನುಮತಿ ಕೇಳಿ ಒಳಗೆ ಹೋಗಿ. ಗಂಡಸರು ತಲೆಗೆ ಟೋಪಿಯನ್ನೋ ಕರವಸ್ತ್ರವನ್ನೋ ಹಾಕಿಕೊಳ್ಳಬೇಕು. ಕೊಚ್ಚಿಯಲ್ಲಿ ನಮ್ಮ ದೇವಸ್ಥಾನಗಳಂತೆ ಪಾದರಕ್ಷೆ ಹೊರಗೆ ಬಿಡಬೇಕು. ಸಬ್ಬತ್ ದಿನ ಚಿತ್ರ ತೆಗೆಯಬಾರದು. ಶನಿವಾರ ಅವರು ಬಾಗಿಲು ಮುಚ್ಚಿದ್ದರೆ ಬೇಸರಿಸಬೇಡಿ. ಅದು ಅವರು ಸಾವಿರಾರು ವರ್ಷಗಳಿಂದ ಬಿಡದೆ ಕಾಪಾಡಿಕೊಂಡ ದಿನ.

ವಿದ್ಯಾರ್ಥಿ ಮಿತ್ರರೇ, ನನ್ನ ಮಾತನ್ನು ಮುಗಿಸುತ್ತೇನೆ. ಒಂದು ಸಮುದಾಯ ಉಳಿಯಲು ಹಣ ಬೇಕು, ಕಟ್ಟಡ ಬೇಕು, ಗ್ರಂಥ ಬೇಕು, ನಿಜ. ಇವೆಲ್ಲ ಕೊಚ್ಚಿಯಲ್ಲಿದ್ದವು. ಇಲ್ಲದೆ ಹೋದದ್ದು ಹತ್ತು ಮಂದಿ. ಕೊಂಕಣದ ಗಾಣಿಗರಿಗೆ ಕಟ್ಟಡವೂ ಇರಲಿಲ್ಲ, ಗ್ರಂಥವೂ ಇರಲಿಲ್ಲ. ಆದರೂ ಅವರು ಉಳಿದರು, ಏಕೆಂದರೆ ಶನಿವಾರ ಬಂದಾಗ ಮನೆಮನೆಯಲ್ಲೂ ಗಾಣ ನಿಲ್ಲುತ್ತಿತ್ತು.

ನಿಮ್ಮ ಊರಿನಲ್ಲಿಯೂ ಇಂಥ ಮನೆಗಳಿವೆ. ಓದುಗರಿಲ್ಲದ ವಾಚನಾಲಯವಿರಬಹುದು, ಮೇಳ ಕೂಡದ ಭಜನಾಮಂದಿರವಿರಬಹುದು, ಪಾತ್ರಧಾರಿಗಳಿಲ್ಲದೆ ನಿಂತ ನಾಟಕದ ಸಂಘವಿರಬಹುದು. ಪರವೂರಿನಲ್ಲಿರುವ ಕನ್ನಡ ಸಂಘದ ಸಭೆಯಲ್ಲಿ ಮುಂದಿನ ಸಾಲಿನ ಹಿರಿಯರು ಬಾಗಿಲ ಕಡೆ ನೋಡುತ್ತ ಕಾಯುತ್ತಿರಬಹುದು. ನಾನೊಬ್ಬ ಹೋಗದಿದ್ದರೆ ಏನಾಯಿತು ಎಂದು ನಾವೆಲ್ಲರೂ ಹೇಳುತ್ತೇವೆ. ಒಳಗೆ ಎಷ್ಟು ಮಂದಿ ಇದ್ದಾರೆಂದು ನಮಗೆ ತಿಳಿದಿರುವುದಿಲ್ಲ. ಒಂಬತ್ತು ಮಂದಿಯಿದ್ದರೆ? ಹಾಗೆಯೇ, ಒಳಗೆ ಕುಳಿತವರೂ ಒಮ್ಮೆ ಕೇಳಿಕೊಳ್ಳಬೇಕು: ಬಾಗಿಲ ಹೊರಗೆ ಯಾರನ್ನಾದರೂ ನಾವು ಎಣಿಕೆಗೆ ಸೇರಿಸದೆ ನಿಲ್ಲಿಸಿದ್ದೇವೆಯೆ?

ಮುಂದಿನ ಸಲ ಯಾವುದಾದರೂ ಒಳ್ಳೆಯ ಕೂಟಕ್ಕೆ ನಿಮ್ಮನ್ನು ಕರೆದಾಗ ಆ ಶಾಲೆಯ ಚೀಲದ ಹುಡುಗನನ್ನು ನೆನಪಿಸಿಕೊಳ್ಳಿ. ಅವನು ಮಾಡಿದ್ದು ದೊಡ್ಡ ಸಾಹಸವೇನಲ್ಲ. ಹೊತ್ತಿಗೆ ಸರಿಯಾಗಿ ಬಂದ. ಅವನು ಬಂದದ್ದರಿಂದ ಮತ್ತೊಬ್ಬ ತನ್ನ ತಂದೆಯ ಹೆಸರಿನಲ್ಲಿ ಹೇಳಬೇಕಾದದ್ದನ್ನು ಹೇಳಿದ.